ಇಪ್ಪತ್ನಾಲ್ಕು ಜನರ ಟಿವಿ

ನಮ್ಮ ಊರಿನಲ್ಲಿ ಟಿವಿ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು, ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು. ಉಳಿದದ್ದೆಲ್ಲ ಆಮೇಲೆ. ಹದಿನಾಲ್ಕು ಇಂಚಿನದಕ್ಕೆ ಇಬ್ಬರು ಬೇಕು, ಇಪ್ಪತ್ನಾಲ್ಕು ಇಂಚಿನದಕ್ಕೆ ಐವರು, ಮೂವತ್ತೆರಡಕ್ಕೆ ಒಂಬತ್ತು ಜನ. ಅಷ್ಟು ಮಂದಿ ಕಣ್ಣು ನೆಟ್ಟು ನೋಡಿದರೆ ಚಿತ್ರ ಬರುತ್ತದೆ, ಒಬ್ಬರು ಕಡಿಮೆಯಾದರೂ ಕಪ್ಪು. ತೂಕಡಿಸುವವರು ಲೆಕ್ಕಕ್ಕಿಲ್ಲ. ಕೂಸುಗಳು ತಾಯಿಯ ಮುಖ ಗುರುತು ಹಿಡಿಯುವ ಹೊತ್ತಿಗೆ ಲೆಕ್ಕಕ್ಕೆ ಸೇರುತ್ತವೆ. ಆ ದಿನ ಮನೆಯವರು ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಹೆಣ್ಣು ನೋಡಲು ಬಂದವರು ಬಾಯಿಬಿಟ್ಟು ಕೇಳದಿದ್ದರೂ ಪಡಸಾಲೆಯ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಟಿವಿಯ ಅಗಲ ನೋಡಿಕೊಂಡೇ ಚಹಾದ ಕಪ್ಪಿಗೆ ಕೈ ಹಾಕುತ್ತಾರೆ. ಧಾರಾವಾಹಿಯ ಹೊತ್ತಿನಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದು ಕೂರುವ ಸೊಸೆ ಎಂದರೆ ಇಡೀ ಮನೆಗೇ ಭಯ.

ನಮ್ಮದು ಹದಿನಾಲ್ಕು ಇಂಚಿನ ಟಿವಿ. ಇಬ್ಬರದು. ನಮಗೆ ಮಕ್ಕಳಾಗಲಿಲ್ಲ, ಹೀಗಾಗಿ ಮದುವೆಯಲ್ಲಿ ತವರಿನವರು ಕೊಟ್ಟ ಅದೇ ಪೆಟ್ಟಿಗೆ ಮೂವತ್ತೊಂದು ವರ್ಷ ನಡೆಯಿತು. ಅದರಲ್ಲಿ ನನಗೊಂದು ಅನುಕೂಲವೂ ಇತ್ತು. ಗಂಡನ ಮೇಲೆ ಸಿಟ್ಟು ಬಂದರೆ ನಾನು ಬಾಯಿ ಮಾಡುತ್ತಿರಲಿಲ್ಲ, ಕ್ರಿಕೆಟ್ಟಿನ ಕೊನೆಯ ಓವರಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವರು ಕಪ್ಪು ಪರದೆಯನ್ನೇ ನೋಡುತ್ತ ನನ್ನ ಸಿಟ್ಟು ಇಳಿಯುವ ತನಕ ಕಾಯುತ್ತಿದ್ದರು. ಒಂದು ಸಲ ಇಡೀ ವಿಶ್ವಕಪ್ ಹಾಗೆ ಕಳೆದುಹೋಯಿತು.

ನಮ್ಮವರ ಹೆಸರು ಬಸವಂತಪ್ಪ. ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಊರಿಗೆಲ್ಲ ಅವರು ಕಂಡಕ್ಟರ್. ಊರಿನಿಂದ ಸಂತೆಪೇಟೆಗೆ ಹೋಗಿಬರುವ ಒಂದೇ ಒಂದು ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದರು. ಟಿಕೆಟ್ ಇಲ್ಲದೆ ಒಬ್ಬನೇ ಒಬ್ಬ ಅವರ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದಿಲ್ಲ. ಪಂಚಾಯಿತಿ ಅಧ್ಯಕ್ಷರ ಅಳಿಯನನ್ನು ಇಳಿಸಿದ್ದಾರೆ. ನೀಲಕಂಠ ಮಾಸ್ತರರನ್ನು, ತಮಗೇ ಅಕ್ಷರ ಕಲಿಸಿದವರನ್ನು, ಇಳಿಸಿದ್ದಾರೆ. ಮದುವೆಯಾದ ಎರಡನೇ ವರ್ಷ ನನ್ನನ್ನೂ ಇಳಿಸಿದರು.

ಅವತ್ತು ನಾನು ನಮ್ಮ ಓಣಿಯ ಹೆಂಗಸರ ಜೊತೆ ಸಂತೆಗೆ ಹೋಗಿ ಒಂದು ದೊಡ್ಡ ಕುಂಬಳಕಾಯಿ ಕೊಂಡು ಬರುತ್ತಿದ್ದೆ. ಕಂಡಕ್ಟರನ ಹೆಂಡತಿ ಟಿಕೆಟ್ ತೆಗೆಯುವುದೆಂದರೇನು ಎಂದು ಸೆಟೆದು ಕೂತಿದ್ದೆ. ಅವರು ಎರಡು ಸಲ ಕೇಳಿದರು, ನಾನು ಎರಡು ಸಲವೂ ನಕ್ಕೆ. ಮೂರನೆಯ ಸಲ ಸೀಟಿ ಊದಿ, ಎಲ್ಲರಿಗೂ ಹೇಳುವ ಹಾಗೆಯೇ ನನಗೂ "ಟಿಕೆಟ್ ಇಲ್ಲದವರು ಇಳೀಬೇಕ್ರಿ" ಎಂದರು. ಹುಣಸೆಮರದ ಹತ್ತಿರ ಬಸ್ಸು ನಿಂತಿತು. ನಲವತ್ತನಾಲ್ಕು ಸೀಟಿನ ಜನ ನೋಡುತ್ತಿದ್ದಾಗ ನಾನು ಕುಂಬಳಕಾಯಿ ಹೊತ್ತು ಇಳಿದೆ. ಆ ಮರದ ಕೆಳಗೆ ದಾವಲಸಾಬ ಎಂಬುವನ ಚಹಾದ ಅಂಗಡಿ ಇತ್ತು. ಅವನು ಹಿಂದಿನಿಂದ "ಅಕ್ಕಾರ, ಅಕ್ಕಾರ" ಎಂದು ಕೂಗಿದ. ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ತಿರುಗಿಯೂ ನೋಡದೆ ಮೂರು ಮೈಲಿ ನಡೆದೆ.

ನಿಜ ಹೇಳಿಬಿಡುತ್ತೇನೆ. ಹಾಗೆ ನಡೆಯುವಾಗ ಒಳಗೊಳಗೇ ಒಂದು ಹೆಮ್ಮೆಯೂ ಆಗಿತ್ತು, ಇಂಥ ಗಂಡಸು ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು. ಆದರೆ ಅವಮಾನ ಹೆಮ್ಮೆಗಿಂತ ದೊಡ್ಡದಾಗಿತ್ತು. ಅವತ್ತಿನಿಂದ ನಾನು ಓಣಿಯ ಯಾವ ಹೆಂಗಸನ್ನೂ ಅರಿಶಿನ ಕುಂಕುಮಕ್ಕೂ ಮನೆಗೆ ಕರೆಯಲಿಲ್ಲ. ಅವರಾಗಿ ಬರಲೂ ಇಲ್ಲ. ಕಂಡಕ್ಟರನ ಕಟ್ಟುನಿಟ್ಟಿಗೆ ಹೆದರಿ ಜನ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಊರು ಆಡಿಕೊಂಡಿತು. ಅದು ಅವರ ಕಟ್ಟುನಿಟ್ಟಲ್ಲ, ನನ್ನ ಸೊಕ್ಕು ಎಂದು ನಾನೂ ಯಾರಿಗೂ ಹೇಳಲಿಲ್ಲ. ಆ ಸಂಗತಿಯನ್ನು ನಾವಿಬ್ಬರೂ ಮನೆಯಲ್ಲಿ ಒಂದು ದಿನವೂ ಎತ್ತಲಿಲ್ಲ. ಆದರೆ ಕುಂಬಳಕಾಯಿ ಪಲ್ಯ ಮಾಡಿದ ದಿನ ಅವರು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು.

ಈ ವರ್ಷ ಅವರು ನಿವೃತ್ತರಾದರು. ಹಾರ ಹಾಕಿಸಿಕೊಂಡು ಮನೆಗೆ ಬಂದವರು ನಾಲ್ಕು ದಿನ ಪಡಸಾಲೆಯ ಗೋಡೆಯನ್ನೇ ನೋಡುತ್ತ ಕೂತರು. ಐದನೆಯ ದಿನ ಎದ್ದು ಗೋಡೆಯನ್ನು ಗೇಣಿನಲ್ಲಿ ಅಳೆದರು. ಆಮೇಲೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗಿ ಎದುರಿನ ಗೋಡೆಗೆ ಬೆನ್ನು ತಾಗಿಸಿ ನಿಂತು, ದೊಡ್ಡ ಟಿವಿ ತರೋಣ ಎಂದರು. ದೊಡ್ಡದು ಎಂದರೆ ಐವರದೋ ಎಂದು ಕೇಳಿದೆ. ನನ್ನ ತಲೆಯಲ್ಲಿ ಆಗಲೇ ಪಕ್ಕದ ಮನೆಯವರ ಮೂರು ಮುಖ ಬಂದು ಹೋಗಿದ್ದವು. ಅವರು ಇಸ್ತ್ರಿ ಮಾಡಿದ ಅಂಗಿ ಕೇಳಿದರು.

ಮುರಿಗೆಪ್ಪನ ಟಿವಿ ಅಂಗಡಿ ಶಾಲೆಯ ಹಾಗಿದೆ. ಒಂದೊಂದು ಟಿವಿಯ ಮುಂದೆ ಸಾಲು ಸಾಲು ಬೆಂಚು, ಬೆಂಚಿನ ತುಂಬ ಸಂಬಳಕ್ಕೆ ನೋಡುವ ಜನ. ಗಿರಾಕಿ ಬಂದರೆ ಅವರನ್ನು ಆ ಟಿವಿಯಿಂದ ಈ ಟಿವಿಗೆ ಎಬ್ಬಿಸಿ ಕೂರಿಸುತ್ತಾನೆ. ನಮ್ಮವರು ಒಂದೊಂದರ ಎದುರೂ ನಿಂತು, ಬಲಕ್ಕೆ ಸರಿದು, ಎಡಕ್ಕೆ ಸರಿದು, ಮೂಲೆಯಲ್ಲಿ ಕೂತವನಿಗೆ ಬಣ್ಣ ಮಾಸಿ ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು. ಬೆಳಕು ಕಿಟಕಿಯಿಂದ ಬಿದ್ದರೆ ಹೊಳೆಯುತ್ತದೆಯೇ ಎಂದು ಕಿಟಕಿಯ ಪರದೆ ಸರಿಸಿ ಪರೀಕ್ಷೆ ಮಾಡಿದರು. ಮೂವತ್ತೆರಡರ ಮುಂದೆ ತಲೆಯಾಡಿಸಿದರು, ನಲವತ್ತಮೂರರ ಮುಂದೆ ಸ್ವಲ್ಪ ಹೊತ್ತು ನಿಂತರು. ಐವತ್ತೈದು ಇಂಚಿನದರ ಮುಂದೆ ಬಂದಾಗ ಅವರ ಕೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಬಸ್ಸಿನ ಗಂಟೆಯ ಹಗ್ಗವನ್ನು ಹಿಡಿಯಿತು.

ಅದರಲ್ಲಿ ಯಾವುದೋ ಬೆಟ್ಟದ ನಾಡಿನ ರಸ್ತೆ ಓಡುತ್ತಿತ್ತು. ಎಚ್‌ಡಿ ಅಂತೆ, ರಸ್ತೆಬದಿಯ ಹುಲ್ಲಿನ ಎಸಳು ಎಸಳೂ ಬಿಡಿಯಾಗಿ ಕಾಣುತ್ತಿತ್ತು. ಪರದೆ ಎಷ್ಟು ಅಗಲವೆಂದರೆ ಬಸ್ಸಿನ ಮುಂದಿನ ಗಾಜಿನ ಹಾಗೇ ಇತ್ತು. ನಮ್ಮವರು ನನ್ನ ಕಡೆ ತಿರುಗಿ, ಕಂಡಕ್ಟರ್ ಆದವನಿಗೆ ಹಿಂದಿನ ಬಾಗಿಲೇ ಗತಿ, ಮೂವತ್ತೊಂದು ವರ್ಷ ದಾಟಿಹೋದ ರಸ್ತೆಯನ್ನಷ್ಟೇ ನೋಡಿದ್ದೇನೆ, ಬರುವ ರಸ್ತೆ ಹೇಗಿರುತ್ತದೆ ಎಂದು ಡ್ರೈವರನಿಗೆ ಮಾತ್ರ ಗೊತ್ತು ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಅಪರೂಪಕ್ಕೆ ಕೇಳಿದ್ದು.

ಮುರಿಗೆಪ್ಪ ಕೆಮ್ಮಿದ. ಅದು ಇಪ್ಪತ್ನಾಲ್ಕು ಜನರದು, ಊರಿನಲ್ಲಿ ಆ ಅಳತೆಯದು ಛತ್ರದಲ್ಲಿ ಒಂದಿದೆ, ಅಧ್ಯಕ್ಷರ ವಾಡೆಯಲ್ಲಿ ಒಂದಿದೆ ಎಂದ. ಆಮೇಲೆ ದನಿ ತಗ್ಗಿಸಿ, "ಕಂಡಕ್ಟರ್ ಸಾಹೇಬ್ರ, ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ?" ಎಂದು ಕೇಳಿದ. ಬೆಂಚಿನ ಮೇಲಿದ್ದವರು ಮುಸಿಮುಸಿ ನಕ್ಕರು, ಕಣ್ಣು ಆಚೀಚೆಯಾಗಿ ಚಿತ್ರ ಹೋಯಿತು.

"ನಲವತ್ನಾಕ ಸೀಟು ದಿನಾ ನಾಕ ಸಲ ತುಂಬಿಸೇನಿ. ಇಪ್ಪತ್ನಾಕ ಮಂದಿ ನನಗೇನ ಹೊಸಾದಲ್ಲ. ಕಟ್ಟು ಅದನ್ನ" ಎಂದರು ನಮ್ಮವರು.

ಊರಿನ ನಿಯಮ ಎಲ್ಲರಿಗೂ ಗೊತ್ತಿರುವಂಥದ್ದೇ. ಟಿವಿ ಮನೆಗೆ ಬಂದು ಎಂಟು ದಿನದೊಳಗೆ ಒಮ್ಮೆಯಾದರೂ ಹೊತ್ತಿಕೊಳ್ಳಬೇಕು. ಇಲ್ಲವಾದರೆ ಎಂಟನೆಯ ದಿನ ಸಂಜೆ ಅಂಗಡಿಯವನು ತಳ್ಳುಗಾಡಿ ತಂದು, ಟಿವಿಗೆ ಬಟ್ಟೆ ಮುಚ್ಚದೆ, ಪೇಟೆಯ ನಡುವಿನಿಂದ ವಾಪಸ್ ಒಯ್ಯುತ್ತಾನೆ. ಹಾಗೆ ಒಯ್ಯಿಸಿಕೊಂಡ ಮನೆಗೆ ಆಮೇಲೆ ಹೆಣ್ಣು ಕೊಡುವವರಿಲ್ಲ, ಆ ಮನೆಯವರ ಮುಂದೆ ಊರಿನವರು ಟಿವಿಯ ಮಾತೆತ್ತುವುದಿಲ್ಲ. ನಮಗೆ ಹೆಣ್ಣು ತರುವ ಹಂಗಿರಲಿಲ್ಲ. ಆದರೆ ಒಮ್ಮೆ ಊರೆಲ್ಲ ನೋಡುವಂತೆ ಇಳಿದವಳು ನಾನು. ಇನ್ನೊಮ್ಮೆ ಇಳಿಯುವ ಶಕ್ತಿ ನನಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಇಷ್ಟು ವರ್ಷ ತಲೆಯೆತ್ತಿ ನಡೆದ ಮನುಷ್ಯ ಆ ತಳ್ಳುಗಾಡಿಯ ಹಿಂದೆ ನಡೆಯುವುದನ್ನು ನೋಡುವ ಶಕ್ತಿಯಂತೂ ಇರಲೇ ಇಲ್ಲ.

ಟಿವಿ ಬಂತು. ಗೋಡೆ ತುಂಬಿತು. ನಮ್ಮವರು ನೋಟುಬುಕ್ಕಿನಲ್ಲಿ ಗೆರೆ ಎಳೆದು ಒಂದರಿಂದ ಇಪ್ಪತ್ನಾಲ್ಕರವರೆಗೆ ಅಂಕಿ ಹಾಕಿದರು. ಒಂದನೆಯ ಸೀಟಿಗೆ ನನ್ನ ಹೆಸರು ಬರೆದರು. ಉಳಿದ ಇಪ್ಪತ್ಮೂರಕ್ಕೆ ಊರಿನವರ ಹೆಸರು ಬರೆದು, ಚೀಟಿ ಮಾಡಿ, ಚೀಟಿಯ ಮೇಲೆ ಸೀಟಿನ ಅಂಕಿ ಹಾಕಿ ಮನೆ ಮನೆಗೆ ಹೊರಟರು. ನಾಲ್ಕು ಹೆಸರು ಹೆಚ್ಚಿಗೆ ಇರಲಿ, ಯಾರಾದರೂ ತಪ್ಪಿಸಿದರೆ ಎಂದು ನಾನೆಂದರೆ, ಸೀಟಿಗಿಂತ ಒಬ್ಬರನ್ನೂ ಹೆಚ್ಚು ಹತ್ತಿಸಿದವನಲ್ಲ ಎಂದು ಚಪ್ಪಲಿ ಮೆಟ್ಟಿದರು. ಮುರಿಗೆಪ್ಪನ ಬೆಂಚಿನ ಜನರನ್ನು ದಿನದ ಬಾಡಿಗೆಗೆ ಕರೆಸುವ ರೂಢಿ ಊರಿನಲ್ಲಿ ಇದೆ. ಆ ಮಾತು ಎತ್ತಿದ್ದಕ್ಕೆ, ಅದು ಇನ್ನೊಬ್ಬರ ಪಾಸಿನ ಮೇಲೆ ಪ್ರಯಾಣ ಮಾಡಿದ ಹಾಗೆ ಎಂದು ಮುಖ ಗಂಟಿಕ್ಕಿದರು.

ಐದು ದಿನ ತಿರುಗಿದರು. ಜನ ಚೀಟಿ ತೆಗೆದುಕೊಂಡರಂತೆ, ನೋಡೋಣ ಎಂದರಂತೆ. ನೋಡೋಣ ಎಂದರೆ ನಮ್ಮೂರಿನಲ್ಲಿ ಏನರ್ಥ ಎಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಕೊಟ್ಟ ಟಿಕೆಟ್ಟಿಗೆಲ್ಲ ಜನ ಹತ್ತಿಯೇ ಹತ್ತುತ್ತಾರೆ ಎಂದು ನಂಬಿದವರು. ಆರನೆಯ ದಿನ ಬೆಳಿಗ್ಗೆ ನಾನು ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಮೊದಲು ಹುಣಸೆಮರಕ್ಕೆ ಹೋದೆ. ದಾವಲಸಾಬನ ಹೆಸರು ಹನ್ನೆರಡನೆಯ ಸೀಟಿನಲ್ಲಿತ್ತು. ಅವನು ಬಾರದಿದ್ದರೂ ಪರವಾಗಿಲ್ಲ, ಅವತ್ತು ನನ್ನನ್ನು ನೋಡಿ ಕೂಗಿದವನ ಎದುರು ಒಮ್ಮೆ ನಿಂತು ಕರೆದುಬಿಡಬೇಕು, ಅಲ್ಲಿಂದ ಮುಂದೆ ಯಾರ ಎದುರು ನಿಲ್ಲಲೂ ನಾಚಿಕೆಯಾಗುವುದಿಲ್ಲ ಎಂದು ನನ್ನ ಲೆಕ್ಕ.

ದಾವಲಸಾಬನ ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದವನೇ ಬೆಂಚು ಒರೆಸಿ, ಚಹಾ ಸೋಸಿ ಮುಂದಿಟ್ಟ. ನಾನು ಚಿಲ್ಲರೆ ತೆಗೆದರೆ ಕೈ ಅಡ್ಡ ಹಿಡಿದ.

"ಇದು ನಿಮ್ಮದ ಚಾ ಅಕ್ಕಾರ. ಅವತ್ತ ಕೂಗಿದೆ, ನೀವು ನಿಲ್ಲಲಿಲ್ಲ. ಆರಿ ಹೋತು."

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಹೇಳಿದ. ನೌಕರಿಗೆ ಸೇರಿದ ಮೊದಲ ವಾರವೇ ಕಂಡಕ್ಟರ್ ಬಂದು ಮಾತಾಡಿಕೊಂಡು ಹೋಗಿದ್ದರಂತೆ. ಯಾರನ್ನು ಇಳಿಸಿದರೂ ಈ ಮರದ ಕೆಳಗೇ ಇಳಿಸುತ್ತೇನೆ, ಇಳಿದವರನ್ನು ನೆರಳಿನಲ್ಲಿ ಕೂರಿಸಿ ಒಂದು ಚಹಾ ಕೊಡು, ನನ್ನ ಕಡೆಯಿಂದ ಎಂದು. ಮೂವತ್ತೊಂದು ವರ್ಷ ಅದು ತಪ್ಪಲಿಲ್ಲ. ಅಧ್ಯಕ್ಷರ ಅಳಿಯ ಕುಡಿದಿದ್ದಾನೆ, ನೀಲಕಂಠ ಮಾಸ್ತರರು ಎರಡು ಸಲ ಇಳಿದು ಎರಡು ಸಲವೂ ಕುಡಿದಿದ್ದಾರೆ. ಕುಡಿಯದೆ ಹೋದವಳು ಊರಿಗೆ ನಾನೊಬ್ಬಳೇ.

ಆ ಚಹಾ ಕುಡಿಯುವಾಗ ನನಗೆ ಅಳು ಬಂತು. ಸಿಟ್ಟೂ ಬಂತು, ಒಂದು ಮಾತು ಹೇಳಬಾರದಿತ್ತೇ ಎಂದು. ಹೇಳಿದ್ದರೆ ಅವರು ಬಸವಂತಪ್ಪನೇ ಅಲ್ಲ ಎಂದೂ ಅನ್ನಿಸಿತು. ಲೋಟ ಇಟ್ಟು ಎದ್ದಾಗ ನನ್ನ ಬೆನ್ನು ನೆಟ್ಟಗಾಗಿತ್ತು.

ಅಲ್ಲಿಂದ ನೇರ ನಮ್ಮ ಪಕ್ಕದ ಮನೆಯ ಫಕೀರವ್ವನ ಹತ್ತಿರ ಹೋದೆ. ಅವತ್ತು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದವಳು. ಗೋಡೆಗೆ ಗೋಡೆ ಹತ್ತಿದ್ದರೂ ಇಷ್ಟು ವರ್ಷ ನಾವು ನೀರಿನ ಸರದಿಯ ಮಾತು ಬಿಟ್ಟು ಬೇರೆ ಆಡಿದವರಲ್ಲ. ನಾನು ಹೊಸ್ತಿಲಲ್ಲಿ ನಿಂತು, ನಾಡಿದ್ದು ಸಂಜೆ ಟಿವಿಗೆ ಬಾ ಎಂದೆ. ಅವಳು ಅಕ್ಕಿ ಆರಿಸುವ ಮೊರ ಕೆಳಗಿಟ್ಟಳು.

"ಚೀಟಿ ಬಂದೈತಿ. ಬರಾಕ ನಾ ಎಂದ ಒಲ್ಲೆ ಅಂದಿದ್ದೆ? ನೀ ಕರೀಲಿಲ್ಲ, ನಾ ಬರಲಿಲ್ಲ. ನಿನ್ನ ಗಂಡ ಹತ್ತ ಸಲ ಕರದರೂ ಹೆಂಗಸು ಬಾ ಅನ್ನದ ಮನಿಗೆ ಹೆಂಗ ಬರಲಿ?"

ಆ ಎರಡು ದಿನ ನಾನು ಇಪ್ಪತ್ಮೂರು ಹೊಸ್ತಿಲಲ್ಲೂ ನಿಂತೆ.

ಎಂಟನೆಯ ದಿನ ಸಂಜೆ ಐದಕ್ಕೆ ನಮ್ಮ ಓಣಿಯ ತುದಿಯಲ್ಲಿ ಮುರಿಗೆಪ್ಪನ ತಳ್ಳುಗಾಡಿ ಬಂದು ನಿಂತಿತು. ನಾನು ಎಲ್ಲ ಚಾಪೆ, ಜಮಖಾನೆ, ಕೊನೆಗೆ ಗೋಣಿತಾಟೂ ಹಾಸಿದ್ದೆ. ಒಬ್ಬೊಬ್ಬರಾಗಿ ಬಂದರು. ದಾವಲಸಾಬ ಬಂದ, ಫಕೀರವ್ವ ಬಂದಳು, ಅಧ್ಯಕ್ಷರ ಅಳಿಯನೂ ಬಂದ. ತಮ್ಮ ಮನೆಯ ದೊಡ್ಡ ಟಿವಿ ಬಿಟ್ಟು ಬಂದದ್ದಕ್ಕೆ ಅವನು ಸುಮ್ಮನೆ ನಕ್ಕ, ನಮ್ಮವರು ಅವನ ಚೀಟಿ ನೋಡಿಯೇ ಒಳಗೆ ಬಿಟ್ಟರು. ನಮ್ಮ ಪಡಸಾಲೆಯಲ್ಲಿ ಅಷ್ಟು ಜನರ ಉಸಿರು, ಮಲ್ಲಿಗೆ, ಬೆವರು, ಎಲೆಯಡಿಕೆಯ ವಾಸನೆ ಒಟ್ಟಿಗೆ ತುಂಬಿದ್ದು ಅದೇ ಮೊದಲು. ಕಟ್ಟಿದ ಮೇಲೆ ಆ ಮನೆ ಅವತ್ತು ಮನೆಯಾಯಿತು ಎಂದು ನನಗನ್ನಿಸಿತು. ಕೊನೆಯಲ್ಲಿ ನೀಲಕಂಠ ಮಾಸ್ತರರು ಮೊಮ್ಮಗಳ ಹೆಗಲು ಹಿಡಿದು ಬಂದರು. ಅವರು ಹುಟ್ಟಿನಿಂದ ಒಂದೇ ಕಣ್ಣಿನವರು. ಆ ಒಂದಕ್ಕೆ ಹಿಂದಿನ ದಿನವಷ್ಟೇ ಪೊರೆ ತೆಗೆದು ದಪ್ಪನೆಯ ಹಸಿರು ಪಟ್ಟಿ ಕಟ್ಟಿದ್ದರು. ಮೊಮ್ಮಗಳು ಅವರನ್ನು ಕೂರಿಸಿ, ತನಗೆ ಚೀಟಿ ಇಲ್ಲವೆಂದು ಹೊರಟೇಹೋದಳು. ಬರುತ್ತೇನೆಂದು ಮಾತು ಕೊಟ್ಟಿದ್ದೆ, ಬಂದೆ ಎಂದರು ಮಾಸ್ತರರು. ಪಟ್ಟಿ ಕಟ್ಟಿದ ಕಣ್ಣು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನಮ್ಮವರು ಟಿವಿಯ ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತು ಗುಂಡಿ ಒತ್ತಿದರು. ಎಲ್ಲರೂ ಕಣ್ಣು ನೆಟ್ಟೆವು. ಕಪ್ಪು. ಇನ್ನೊಮ್ಮೆ ಒತ್ತಿದರು. ಕಪ್ಪು. ಮಾಸ್ತರರನ್ನು ಬಿಟ್ಟು ಬೆರಳು ಚಾಚಿ ಸಾಲು ಸಾಲಾಗಿ ಎಣಿಸಿದರು, ಇಪ್ಪತ್ಮೂರು. ಹಿಂದಿನಿಂದ ಮುಂದಕ್ಕೆ ಎಣಿಸಿದರು, ಇಪ್ಪತ್ಮೂರು. ಒಂದು ಸೀಟು ಕಡಿಮೆ ಬಿತ್ತು ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಹೊರಗೆ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತ ನಮ್ಮ ಬಾಗಿಲಿಗೆ ಬಂತು. ಮೂರನೆಯ ಸಲ ಎಣಿಸಿದರು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ, ಕಿತ್ತರೆ ಅವರ ಮುಖ ನೋಡಬೇಕಾಗುತ್ತಿತ್ತು.

ಆಗ ಮಾಸ್ತರರು ತಲೆ ಓರೆ ಮಾಡಿದರು.

"ಬಸವಂತಾ, ನಿನ್ನ ದನಿ ಮ್ಯಾಲಿಂದ ಬರಾಕತ್ತೈತಿ. ನೀ ಇನ್ನೂ ನಿಂತೀಯೇನ?"

"ನಾ ಯಾವತ್ತೂ ನಿಂತಿರಾಂವನ ಅಲ್ಲೇನ್ರಿ ಸರ್" ಎಂದರು ನಮ್ಮವರು, ಇದೇನು ಕೇಳುವ ಮಾತೇ ಎನ್ನುವ ಹಾಗೆ.

ಮೂವತ್ತೊಂದು ವರ್ಷ ದಿನಕ್ಕೆ ನಾಲ್ಕು ಸಲ ಬಸ್ಸಿನ ಜನರನ್ನೆಲ್ಲ ಎಣಿಸಿದ ಮನುಷ್ಯ ಒಮ್ಮೆಯೂ ತನ್ನನ್ನು ಎಣಿಸಿಕೊಂಡಿರಲಿಲ್ಲ. ಎಣಿಸಬೇಕಾದದ್ದೂ ಇರಲಿಲ್ಲ, ಕಂಡಕ್ಟರನಿಗೆಲ್ಲಿಯ ಟಿಕೆಟ್ಟು. ಜೊತೆಯಲ್ಲಿ ಬಾಳಿದ ನನಗೂ ಅದು ಹೊಳೆದಿರಲಿಲ್ಲ. ಇಪ್ಪತ್ನಾಲ್ಕು ಸೀಟಿನ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿತ್ತು, ಅವರ ಹೆಸರೇ ಇರಲಿಲ್ಲ.

ದಾವಲಸಾಬ ಮೊದಲು ಸರಿದ. ಅವನ ಪಕ್ಕದವರು ಸರಿದರು, ಫಕೀರವ್ವ ಸರಿದಳು, ನಾನೂ ಸರಿದೆ. ತುಂಬಿದ ಬಸ್ಸಿನಲ್ಲಿ ಮಾಡುವ ಹಾಗೆ ಎಲ್ಲರೂ ನಾಲ್ಕು ನಾಲ್ಕು ಬೆರಳು ಸರಿದು, ನನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

"ಸೀಟ ಖಾಲಿ ಐತ್ರಿ ಕಂಡಕ್ಟರ್ ಸಾಹೇಬ್ರ, ಕುಂದರ್ರಿ" ಎಂದ ಅಧ್ಯಕ್ಷರ ಅಳಿಯ.

ಅವರು ನೋಟುಬುಕ್ಕನ್ನು ಕಿಟಕಿಯಲ್ಲಿಟ್ಟು, ಎಲ್ಲರ ಕಾಲು ದಾಟಿಕೊಂಡು ಬಂದು ಕೂತರು. ತಲೆ ಎತ್ತಿ ನೋಡಿದರು. ಗೋಡೆ ಬೆಳಗಿತು.

ಅಂಗಡಿಯಲ್ಲಿ ಕಂಡ ಅದೇ ಬೆಟ್ಟದ ರಸ್ತೆ. ಈಗ ಅದು ನಮ್ಮ ಕಡೆಗೇ ಓಡಿ ಬರುತ್ತಿತ್ತು, ಹಸಿರು ಎರಡು ಕಡೆಗೂ ಸೀಳಿಕೊಂಡು ಹೋಗುತ್ತಿತ್ತು. ಬಾಗಿಲಲ್ಲಿ ನಿಂತ ಮುರಿಗೆಪ್ಪ ತಳ್ಳುಗಾಡಿಯವನಿಗೆ ಹೋಗು ಎಂದದ್ದು ಕೇಳಿಸಿತು, ಚಕ್ರ ಕಿರುಗುಟ್ಟುತ್ತ ದೂರವಾಯಿತು. ಮಾಸ್ತರರಿಗೆ ಫಕೀರವ್ವ ಮೆಲ್ಲಗೆ ಹೇಳುತ್ತಿದ್ದಳು, ಈಗ ಸೇತುವೆ ಬಂತು, ಈಗ ತಿರುವು ಬಂತು ಎಂದು.

ಅಷ್ಟು ಅಗಲದ, ಅಷ್ಟು ಚೆಂದದ ಚಿತ್ರ ಎದುರಿಗಿದ್ದರೂ ನನ್ನಿಂದ ತಡೆಯಲಾಗಲಿಲ್ಲ. ಬರುವ ರಸ್ತೆಯನ್ನು ನೋಡುವ ಅವರ ಮುಖ ಹೇಗಿರುತ್ತದೆ ಎಂದು ತಿರುಗಿ ನೋಡಿಬಿಟ್ಟೆ. ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಗಂಡ ಎಂದು ಎದೆ ಎಷ್ಟು ಉಬ್ಬಿತೆಂದರೆ, ಅವತ್ತು ಕುಂಬಳಕಾಯಿ ಹೊತ್ತು ನಡೆದಾಗಲೂ ಅಷ್ಟು ಉಬ್ಬಿರಲಿಲ್ಲ.

ಗೋಡೆ ಕಪ್ಪಾಯಿತು. ಪಡಸಾಲೆಯ ತುಂಬ ಗದ್ದಲ. ಯಾರು ಕಣ್ಣು ತೆಗೆದವರು, ಯಾರದು ಎಂದು ಎಲ್ಲರೂ ಎಲ್ಲರನ್ನೂ ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಅವರು ನನ್ನ ಕಡೆ ತಿರುಗಿದರು, ನಾನು ಇನ್ನೂ ಅವರನ್ನೇ ನೋಡುತ್ತಿದ್ದುದನ್ನು ನೋಡಿದರು. ತಪ್ಪು ಮಾಡಿದವರಲ್ಲಿ ಮೂವತ್ತೊಂದು ವರ್ಷ ಒಬ್ಬರನ್ನೂ ಬಿಡದ ಕಣ್ಣು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈ ಎತ್ತಿದರು.

"ನಾನ ರೀ. ನನ್ನ ಕಣ್ಣ ಆಕಡೆ ಹೋತು" ಎಂದರು, ಊರಿನವರೆಲ್ಲರ ಮುಂದೆ.

ನನಗೆ ಗೊತ್ತಿರುವ ಮಟ್ಟಿಗೆ ಅವರು ಆಡಿದ ಒಂದೇ ಒಂದು ಸುಳ್ಳು ಅದು. ಆಮೇಲೆ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದು, ಮುಂದೆ ನೋಡು ಎಂಬಂತೆ ಗದ್ದ ಎತ್ತಿದರು. ನಾವಿಬ್ಬರೂ ಮುಂದೆ ನೋಡಿದೆವು. ರಸ್ತೆ ಮತ್ತೆ ಹೊರಟಿತು, ಟಿಕೆಟ್ ಇಲ್ಲದ ನನ್ನನ್ನೂ ಕರೆದುಕೊಂಡು.